ಬಿಳಿ ಬಟ್ಟೆಯ ಲೆಕ್ಕ

ಅವ್ವ ಕ್ರೆಸೆಂಟ್ಸ್ ನೀಲಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು:
ಹಾಸು ಹದಿನಾರು × ನಲವತ್ತು ಫೆನಿಗ್,
ದಿಂಬುಗವಸು ಮೂವತ್ತೊಂದು × ಹದಿನೈದು,
ಮೇಜುಬಟ್ಟೆ ನಾಲ್ಕು, ಒಂದರಲ್ಲಿ ವೈನಿನ ಕಲೆ.
ಲಾಂಗೆನಾರ್ಗೆನ್ನಿನ ದಂಡೆಯ ವಸತಿಗೃಹಕ್ಕೆ
ಬೇಸಿಗೆಯಿಡೀ ಒಗೆದದ್ದೇ ಒಗೆದದ್ದು.
ಅವಳ ಒಗೆತನವೆಲ್ಲ ಒಗೆತದಲ್ಲೇ ಮುಗಿಯಿತು.
ಡಬ್ಬಿಯ ಮೇಲೆ ಬರೆದದ್ದು ಒಂದು ಮುಚ್ಚಳ ಪುಡಿ,
ಅವಳು ಸುರಿಯುತ್ತಿದ್ದುದು ಎರಡು.
‘ಬಿಳಿ ಅಂದಮೇಲೆ ಬಿಳಿ ಇರಬೇಕಲ್ಲ.’

ನೊರೆ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ.
ಕೆಳಗೆ ಹೋಗುತ್ತದೆ.
ಕೆಳಗೆ ಬೋಡನ್‌ಸೇ ಇತ್ತು.

ನಾನು ಎಣಿಸುವುದು ಬೇರೆ.
ಸೂಕ್ಷ್ಮದರ್ಶಕದಡಿ ಎಳ್ಳಿಗಿಂತ ಚಿಕ್ಕ ನೀರುಚಿಗಟ,
ಡ್ಯಾಫ್ನಿಯಾ. ಮೈ ಎಷ್ಟು ತಿಳಿ ಎಂದರೆ
ಹೃದಯ ಹೊಲಿಗೆಯಂತ್ರದ ಸೂಜಿಯಂತೆ
ಕುಕ್ಕುವುದು ಹೊರಗಿನಿಂದಲೇ ಕಾಣುತ್ತದೆ.
ಇಪ್ಪತ್ತಾರು ವರ್ಷ ಎಣಿಸಿದ್ದೇನೆ. ಬೆನ್ನು ಅವ್ವನದೇ.

ಮೊದಲು ಇಲ್ಲಿದ್ದವಳು ದುಂಡುತಲೆಯವಳು.
ಬಡ ನೀರಿನಲ್ಲಿ ಬಾಳಲು ಕಲಿತವಳು,
ಹಗಲು ಕತ್ತಲ ಆಳಕ್ಕಿಳಿದು
ಇರುಳು ಮೇಲೇರಿ ಉಣ್ಣುವವಳು.
ನೀರು ಕೊಬ್ಬಿ ಹಸಿರಾದಾಗ
ಬೇರೆ ಕೊಳದಿಂದ ಇನ್ನೊಬ್ಬಳು ಬಂದಳು,
ಬಾತಿನ ಕಾಲಿಗಂಟಿಯೋ ಹೇಗೋ.
ತಲೆಗೆ ಮೊನಚು ಟೊಪ್ಪಿ. ಹಗಲಿರುಳೆನ್ನದೆ
ಬೆಚ್ಚನೆಯ ಮೇಲ್ನೀರಲ್ಲೇ ಠಿಕಾಣಿ.

ಬೇಸಿಗೆಗೆ ಇಬ್ಬರಿಗೂ ಗಂಡಿನ ಹಂಗಿಲ್ಲ.
ತಾಯಿ ತನ್ನನ್ನೇ ಹೆರುತ್ತಾಳೆ, ಮಗಳು ತಾಯನ್ನೇ.
ಅಕ್ಟೋಬರಿನ ಚಳಿಗೆ ಗಂಡುಗಳು ಹುಟ್ಟುತ್ತವೆ, ಅವಸರದವು.
ಯಾವ ಕುಲ, ಯಾವ ನೀರು ಎಂದು ಕೇಳಲು
ಪುರುಸೊತ್ತಿರಲಿಲ್ಲ, ಕೇಳುವ ಹಿರಿಯರೂ ಇರಲಿಲ್ಲ.
ನಡುನೀರಿನಲ್ಲಿ ಮೂರು ದೇಶಗಳೇ ಇವತ್ತಿನವರೆಗೆ
ಒಂದು ಗೆರೆ ಎಳೆಯಲಾರದೆ ಕೂತಿವೆ;
ಎರಡು ಚಿಗಟ ಎಳೆದಾವೆಯೆ?

ಆ ವರ್ಷಗಳಲ್ಲಿ ಅಪ್ಪ ಗೆಬ್‌ಹಾರ್ಡನ ಬಲೆ
ಎತ್ತಲು ಇಬ್ಬರು ಬೇಕಿತ್ತು.
ಬಲೆಯ ಕಣ್ಣಿಗೆ ಪಾಚಿ ಹತ್ತುತ್ತದೆಂದು
ಬೈಯುತ್ತಲೇ ತೂಕ ಹಾಕುತ್ತಿದ್ದ.
ಆಮೇಲೆ ಪುಡಿಗೆ ಕಾನೂನು ಬಂತು, ನೀರು ತಿಳಿಯಾಯಿತು.
ಈಗ ಅದೇ ದೋಣಿಯಲ್ಲಿ ತಮ್ಮ ವೆಂಡೆಲಿನ್
ಬರಿಯ ಬಲೆ ಮಡಚಿ ಸಿಡುಕುತ್ತಾನೆ:
‘ಮಡಿ ಅತಿಯಾಯಿತು ಈ ಸರೋವರಕ್ಕೆ.
ಮೀನು ಏನು ತಿನ್ನಬೇಕು, ಪಾವಿತ್ರ್ಯವನ್ನೆ?’

ಲಾದೀನಾ ತಳದಿಂದ ಕೊಳವೆಯಲ್ಲಿ ಕೆಸರು ಎತ್ತಿ ತಂದಳು.
ಪದರ ಪದರ, ಬೂದಿ, ಕಂದು, ಆಮೇಲೆ ಕಪ್ಪು.
ಎಪ್ಪತ್ತೆಂಟನೆಯ ಇಸವಿ ಎಂದು ಬೆರಳಿಟ್ಟ ಕಡೆ
ಪುಟ್ಟ ಕುದುರೆಜೀನಿನಂಥ ಕರಿ ಚಿಪ್ಪು, ಒಳಗೆರಡು ಮೊಟ್ಟೆ.
ದೀಪ ಹಚ್ಚಿದೆವು, ನೀರು ಬೆಚ್ಚಗಾಗಿಸಿದೆವು.
ನಾಲ್ಕನೆಯ ದಿನ ಒಂದು ಹಾಗೇ ಕೊಳೆಯಿತು.
ಇನ್ನೊಂದು ಕೈಬೀಸಿಕೊಂಡು ಹೊರಗೆ ಬಂತು,
ನಾನು ಏಳರ ಹುಡುಗಿಯಾಗಿದ್ದಾಗ ಮಲಗಿದ್ದ ಕೂಸು.

ಬೆಳೆದ ಮೇಲೆ ನೋಡಿದರೆ ಅರ್ಧ ಟೊಪ್ಪಿ.
ಇಂಥವಳಿಗೆ ಶಾಸ್ತ್ರದಲ್ಲಿ ಸ್ವಂತ ಹೆಸರಿಲ್ಲ,
ಎರಡು ಹೆಸರು, ನಡುವೆ ಒಂದು ಗುಣಿಸುವ ಗುರುತು.
ಚೀಟಿ ಬರೆಯುವಾಗ ಕೈ ತಾನಾಗಿ
ಅವ್ವನ ಹಾಗೆ × ಹಾಕಿತು, ಬಲಗಾಲು ತುಸು ಉದ್ದ.

ಈಗ ಬಲೆಗೆ ಸಿಗುವ ದುಂಡುತಲೆಯವಳೂ
ಪೂರ್ತಿ ದುಂಡುತಲೆಯವಳಲ್ಲವಂತೆ.
ಎಳೆ ಬಿಚ್ಚಿ ಓದಿದರೆ ಅಲ್ಲೊಂದು ಇಲ್ಲೊಂದು
ಟೊಪ್ಪಿಯವಳ ದಾರ. ‘ಕಲೆ ಹೋಗಲಿಲ್ಲ ಅನ್ನು’ ಎಂದೆ.
ಕಲೆ ಎಂಬ ಮಾತೇ ಬೇಡ ಎಂದಳು ಲಾದೀನಾ,
ಸ್ವಲ್ಪ ಗಟ್ಟಿಯಾಗಿಯೇ.

ಭಾನುವಾರ ಅವ್ವನನ್ನು ಪ್ರಯೋಗಾಲಯಕ್ಕೆ ಕರೆತಂದೆ.
ನಿನ್ನ ಎರಡನೆಯ ಮುಚ್ಚಳದ ಮೊಮ್ಮಗಳು ಇವಳು
ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು,
ಕನ್ನಡಕ ಒರೆಸಿ ಮತ್ತೆ ನೋಡಿದಳು.
‘ಟೊಪ್ಪಿಗೆ ಗಂಜಿ ಸಾಲದು’ ಎಂದಳು.